ಹೀಟ್ ಪಂಪ್ ಗೀಸರ್ ಎಷ್ಟು ಕರೆಂಟ್ ತಿನ್ನುತ್ತಿದೆ, ಎಷ್ಟು ಕಾವು ಕೊಡುತ್ತಿದೆ: ಶೆಲ್ಲಿ ಪ್ರೊ ಇಎಂ-50 ವಿಮರ್ಶೆ

ಹೀಟ್ ಪಂಪ್ ಗೀಸರ್ ಹಾಕಿಸಿಕೊಂಡ ಮನೆಗಳಲ್ಲಿ ಕೆಲವು ತಿಂಗಳಿಗೆ ಒಂದು ಅನುಮಾನ ತಲೆ ಎತ್ತುತ್ತದೆ. ಕರೆಂಟ್ ಬಿಲ್ಲು ಇಳಿದಿದೆ, ಆದರೆ ಅಂಗಡಿಯಲ್ಲಿ ಹೇಳಿದಷ್ಟು ಇಳಿದಿಲ್ಲ. ತಪ್ಪು ಯಂತ್ರದ್ದೋ, ಸೆಟ್ಟಿಂಗ್‌ನದ್ದೋ, ಇಟ್ಟ ಜಾಗದ್ದೋ ಎಂದು ಬಿಲ್ಲು ನೋಡಿ ಹೇಳಲಾಗದು. ಫ್ರಿಜ್ಜು, ನೀರಿನ ಮೋಟರು, ಇಂಡಕ್ಷನ್ ಸ್ಟೌ ಎಲ್ಲದರ ಲೆಕ್ಕವೂ ಅದರಲ್ಲಿ ಕಲಸಿಹೋಗಿರುತ್ತದೆ. ಗೀಸರ್ ಲೈನಿಗೆ ಪ್ರತ್ಯೇಕ ಮೀಟರ್ ಕೂರಿಸಿದರೆ ಮಾತ್ರ ವಿಷಯ ಸ್ಪಷ್ಟವಾಗುತ್ತದೆ. ಆ ಕೆಲಸಕ್ಕೆ ಶೆಲ್ಲಿ ಪ್ರೊ ಇಎಂ-50 ಎಂಬ ಸಾಧನ ಎಷ್ಟು ಯೋಗ್ಯ, ಅದರ ಜೊತೆಗೆ ಇನ್ನೇನು ಬೇಕು, ಎಲ್ಲಿ ಎಡವುವ ಸಂಭವ ಇದೆ ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ. ಲೆಕ್ಕಗಳೆಲ್ಲ ಬೆಂಗಳೂರಿನ ಹವೆಗೆ, 200 ಲೀಟರ್ ಟ್ಯಾಂಕಿಗೆ.

ಮೊದಲು ಅಂದಾಜು ಸಿಗಲಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ವ್ಯಾಟ್-ಅವರ್ ಕಾವು ಬೇಕು; 1,000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್. 200 ಲೀಟರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 7 ಯೂನಿಟ್. ಸಾಮಾನ್ಯ ಗೀಸರ್ ಈ 7 ಯೂನಿಟ್ಟನ್ನೂ ಕರೆಂಟಿನಿಂದಲೇ ಎಳೆಯುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯ ಕಾವನ್ನು ಎಳೆದು ಟ್ಯಾಂಕಿಗೆ ತುಂಬುವುದರಿಂದ ಸಿಒಪಿ 3.5 ಇದ್ದರೆ 2 ಯೂನಿಟ್ಟಿನಲ್ಲಿ ಕೆಲಸ ಮುಗಿಸುತ್ತದೆ. ಕೊಟ್ಟ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಕಾವು ಬಂತು ಎಂಬುದೇ ಸಿಒಪಿ. ಪೆಟ್ಟಿಗೆಯ ಮೇಲೆ ಬರೆದಿರುವುದು ಪ್ರಯೋಗಾಲಯದ ನಿಗದಿತ ಗಾಳಿ ಮತ್ತು ನೀರಿನ ತಾಪಮಾನದಲ್ಲಿ ಸಿಕ್ಕ ಅಂಕಿ. ಮನೆಯಲ್ಲಿ ಅದು 2ಕ್ಕೂ ಇಳಿಯಬಹುದು, 4ನ್ನೂ ಮುಟ್ಟಬಹುದು.

ಗೃಹಜ್ಯೋತಿ ಫಲಾನುಭವಿಗಳಿಗೆ ಇದು ಇನ್ನೂ ನೇರವಾದ ದುಡ್ಡಿನ ವಿಷಯ. 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ. 10 ಸೇರಿಸಿ ನಿಮ್ಮ ಉಚಿತ ಕರೆಂಟಿನ ಮಿತಿ ಗೊತ್ತುಮಾಡುತ್ತಾರೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ಕೈಯಿಂದ. ದಿನಕ್ಕೆ 7 ಯೂನಿಟ್ ತಿನ್ನುವ ಗೀಸರ್ ತಿಂಗಳಿಗೆ ಒಂದೇ 210 ಯೂನಿಟ್ ಆಗುತ್ತದೆ. 2 ಯೂನಿಟ್ ತಿನ್ನುವುದು 60ರಲ್ಲಿ ನಿಲ್ಲುತ್ತದೆ. ಹೀಟ್ ಪಂಪ್ ಕೆಟ್ಟದಾಗಿ ಓಡಿ ದಿನಕ್ಕೆ ಮೂರೂವರೆ ಯೂನಿಟ್ ತಿಂದರೆ, ಆ ಹೆಚ್ಚುವರಿ 45 ಯೂನಿಟ್ ಎಷ್ಟೋ ಮನೆಗಳನ್ನು 200ರ ಗೆರೆ ದಾಟಿಸುತ್ತದೆ.

ಸಾಧನ ಏನು

ಶೆಲ್ಲಿ ಬಲ್ಗೇರಿಯಾದ ಕಂಪನಿ. ಪ್ರೊ ಇಎಂ-50 ಒಂದು ಎಂಸಿಬಿಯಷ್ಟೇ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಅಗಲದ, ಡಿಬಿ ಬಾಕ್ಸಿನ (ಅಂಥ ಸ್ವಿಚ್ಚುಗಳೆಲ್ಲ ಇರುವ ಪೆಟ್ಟಿಗೆ) ರೈಲಿಗೆ ಸಿಕ್ಕಿಸುವ ಮೀಟರ್. ಜೊತೆಗೆ 50 ಆಂಪಿಯರಿನ ಎರಡು ಕ್ಲ್ಯಾಂಪ್ ಬರುತ್ತವೆ. ವೈರು ಕತ್ತರಿಸುವ ಕೆಲಸವಿಲ್ಲ, ಫೇಸ್ ವೈರಿನ ಸುತ್ತ ಕ್ಲ್ಯಾಂಪ್ ಮುಚ್ಚಿದರೆ ಆಯಿತು. ಒಂದನ್ನು ಗೀಸರ್ ಲೈನಿಗೂ ಇನ್ನೊಂದನ್ನು ಮನೆಯ ಮೇನ್ ಲೈನಿಗೂ ಹಾಕಿದರೆ ಸಿಂಗಲ್ ಫೇಸ್ ಮನೆಗೆ ಎರಡೂ ಲೆಕ್ಕ ಒಂದರಲ್ಲೇ ಸಿಗುತ್ತದೆ. ವ್ಯಾಟ್, ವೋಲ್ಟೇಜ್, ಆಂಪಿಯರ್, ಪವರ್ ಫ್ಯಾಕ್ಟರ್ (ವೋಲ್ಟೇಜೂ ಕರೆಂಟೂ ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಎಂಬ ಅಂಕಿ), ಯೂನಿಟ್ ಐದನ್ನೂ ತೋರಿಸುತ್ತದೆ. ನಿಮಿಷಕ್ಕೊಂದರಂತೆ ಸುಮಾರು 60 ದಿನದ ದಾಖಲೆ ಅದರೊಳಗೇ ಉಳಿಯುತ್ತದೆ. ವೈಫೈ ಕೈಕೊಟ್ಟರೂ ಅಂಕಿ ಕಳೆದುಹೋಗುವುದಿಲ್ಲ. ಇಂಟರ್ನೆಟ್ ಇಲ್ಲದೆ ಮನೆಯ ಜಾಲದೊಳಗೇ, ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೆಡೆ ಸೇರಿಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ಗೆ ಮಾತಾಡುತ್ತದೆ. ಇದನ್ನು ಶಿಫಾರಸು ಮಾಡಲು ನಮಗೆ ಮುಖ್ಯ ಕಾರಣ ಈ ಕೊನೆಯ ಎರಡು ಗುಣ.

ಕೊರತೆಗಳೂ ಇವೆ. ತಾಪಮಾನ ಅಳೆಯುವ ಸೌಲಭ್ಯ ಇದರಲ್ಲಿಲ್ಲ, ಅದಕ್ಕೆ ಬೇರೆಯೇ ಜೋಡಣೆ ಬೇಕು. ಶೆಲ್ಲಿ ಆ್ಯಪಿನಲ್ಲಿ ಯೂನಿಟ್ಟಿನ ಗ್ರಾಫ್ ಸಿಗುತ್ತದೆ, ಸಿಒಪಿ ಸಿಗುವುದಿಲ್ಲ. 50 ಆಂಪಿಯರಿನ ಕ್ಲ್ಯಾಂಪಿಗೆ ನಾಲ್ಕೈದು ವ್ಯಾಟಿನ ಸ್ಟ್ಯಾಂಡ್‌ಬೈ ಬಳಕೆ ಅತಿ ಸಣ್ಣದು, ಅಲ್ಲಿ ಅದು ಹೇಳುವ ಅಂಕಿಯನ್ನು ನಂಬಬೇಡಿ. ಒಳಗೊಂದು ಪುಟ್ಟ ರಿಲೇ ಇದೆ. ಅದು ಕಾಂಟ್ಯಾಕ್ಟರಿನ (ದೊಡ್ಡ ಲೋಡನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್ ಎಳೆಯುವುದಕ್ಕಷ್ಟೇ, ಗೀಸರನ್ನು ನೇರವಾಗಿ ಅದರ ಮೂಲಕ ಓಡಿಸಿದರೆ ಸುಟ್ಟುಹೋಗುತ್ತದೆ. ಕಾಂಟ್ಯಾಕ್ಟರ್ ಹಾಕಿಯೂ ಹೊರಗಿನಿಂದ ಹೀಟ್ ಪಂಪಿನ ಕರೆಂಟ್ ಕಡಿಯುವುದನ್ನು ನಾವು ಒಪ್ಪುವುದಿಲ್ಲ. ಕಂಪ್ರೆಸರ್ ನಿಂತ ತಕ್ಷಣ ಒಳಗಿನ ಅನಿಲದ ಒತ್ತಡ ಸಮವಾಗಿರುವುದಿಲ್ಲ, ಆಗಲೇ ಮತ್ತೆ ಕರೆಂಟ್ ಕೊಟ್ಟರೆ ಮೋಟರ್ ತಿಣುಕುತ್ತದೆ. ಸಮಯ ಗೊತ್ತುಮಾಡಲು ಗೀಸರಿನದೇ ಟೈಮರ್ ಬಳಸಿ.

ಡಿಬಿ ಬಾಕ್ಸಿನಲ್ಲಿ ಆಗುವ ತಪ್ಪುಗಳು

ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು. ಮೇನ್ ಸ್ವಿಚ್ ಇಳಿಸಿದರೂ ಅದರ ಮೇಲ್ಭಾಗದ ತುದಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆದರೂ ಅವರಿಗೆ ಮೀಟರಿನ ಈ ಸೂಕ್ಷ್ಮಗಳು ಗೊತ್ತಿರದೆ ಇರಬಹುದು, ಪಕ್ಕದಲ್ಲಿ ನಿಂತು ಹೇಳಿ.

ಕ್ಲ್ಯಾಂಪ್ ಫೇಸ್ ವೈರಿನ ಸುತ್ತ ಮಾತ್ರ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಮುಚ್ಚಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಬಾಣದ ಗುರುತು ಗೀಸರಿನ ಕಡೆಗಿರಲಿ, ತಿರುಗಿದರೆ ಅಂಕಿ ಮೈನಸ್ ಬರುತ್ತದೆ. ಕ್ಲ್ಯಾಂಪಿನ ಬಾಯಿ ಕ್ಲಿಕ್ ಎನ್ನುವವರೆಗೆ ಮುಚ್ಚಬೇಕು. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅಳತೆ ಕಡಿಮೆ ಬರುತ್ತದೆ. ಕ್ಲ್ಯಾಂಪಿನ ತಂತಿಯನ್ನು ಮೊದಲು ಮೀಟರಿಗೆ ಜೋಡಿಸಿ, ಆಮೇಲೆ ವೈರಿನ ಸುತ್ತ ಮುಚ್ಚಿ.

ಬೆಂಗಳೂರಿನ ತ್ರೀ ಫೇಸ್ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ, ಬಹಳ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ಮೀಟರ್ ವೋಲ್ಟೇಜನ್ನು ತನಗೆ ಬರುವ ಲೈನಿನಿಂದ ಅಳೆಯುತ್ತದೆ, ಆಂಪಿಯರನ್ನು ಕ್ಲ್ಯಾಂಪಿನಿಂದ ಅಳೆಯುತ್ತದೆ. ಎರಡೂ ಒಂದೇ ಫೇಸ್ ಆಗಿರಬೇಕು. ಮೀಟರಿಗೆ ಆರ್ ಫೇಸ್ ಕೊಟ್ಟು ಬಿ ಫೇಸಿನಲ್ಲಿರುವ ಗೀಸರಿಗೆ ಕ್ಲ್ಯಾಂಪ್ ಹಾಕಿದರೆ ಎರಡರ ನಡುವೆ 120 ಡಿಗ್ರಿ ಅಂತರ. ಗೀಸರಿನೊಳಗೆ ಬ್ಯಾಕಪ್ ಆಗಿ ಇಟ್ಟಿರುವ ಹೀಟಿಂಗ್ ಕಾಯಿಲ್ ಓಡುವಾಗ ಪವರ್ ಫ್ಯಾಕ್ಟರ್ ಮೈನಸ್ 0.5 ಎಂದೂ ವ್ಯಾಟ್ ಅರ್ಧವೆಂದೂ ತೋರಿಸುತ್ತದೆ. ಕಂಪ್ರೆಸರ್ ಓಡುವಾಗ ಇನ್ನೂ ಅಡ್ಡಾದಿಡ್ಡಿ. ಇದರ ಮೇಲೆ ಅನೇಕ ಮನೆಗಳಲ್ಲಿ ಫೇಸ್ ಸೆಲೆಕ್ಟರ್ ಇರುತ್ತದೆ. ಒಂದು ಫೇಸ್ ಹೋದಾಗ ಅದನ್ನು ತಿರುಗಿಸಿ ಗೀಸರನ್ನು ಬೇರೆ ಫೇಸಿಗೆ ಹಾಕುತ್ತಾರೆ, ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಹಾಳು. ಪರಿಹಾರ ಸುಲಭ: ಮೀಟರಿನ ಫೇಸನ್ನು ಗೀಸರಿನ ಎಂಸಿಬಿಯ ಕೆಳಗಿನ ತುದಿಯಿಂದಲೇ ಎಳೆಯಿರಿ. ಸೆಲೆಕ್ಟರ್ ಎಲ್ಲಿಗೆ ತಿರುಗಿದರೂ ಮೀಟರೂ ಜೊತೆಗೇ ತಿರುಗುತ್ತದೆ. ಆದರೆ ಆಗ ಎರಡನೆಯ ಕ್ಲ್ಯಾಂಪಿನಿಂದ ಇಡೀ ಮನೆಯ ಲೆಕ್ಕ ಸಿಗುವುದಿಲ್ಲ. ಅದೂ ಬೇಕೆಂದರೆ ಮೂರು ಕ್ಲ್ಯಾಂಪಿನ ಶೆಲ್ಲಿ ಪ್ರೊ 3ಇಎಂ ತರಿಸಿ ಮೇನ್ ಲೈನಿಗೆ ಹಾಕಿ, ಗೀಸರಿಗೆ ಬೇರೆ ಮೀಟರ್ ಇಡಿ.

ಡಿಬಿ ಬಾಕ್ಸ್ ತಗಡಿನದಾದರೆ ವೈಫೈ ಒಳಗೆ ಹೋಗುವುದು ಕಷ್ಟ. ಟೆರೇಸಿನ ಮೆಟ್ಟಿಲ ಕೆಳಗಿದ್ದರೆ ಇನ್ನೂ ಕಷ್ಟ. ಪ್ರೊ ಸರಣಿಯಲ್ಲಿ ಲ್ಯಾನ್ ಕೇಬಲ್ ಸಿಕ್ಕಿಸುವ ಕಿಂಡಿ ಇದೆ, ಸಾಧ್ಯವಿದ್ದರೆ ಅದನ್ನೇ ಬಳಸಿ. ವೈಫೈ ಆದರೆ 2.4 ಗಿಗಾಹರ್ಟ್ಸ್ ಜಾಲ ಬೇಕು.

ಕೂರಿಸಿದ ಮೇಲೆ ಒಂದು ತಾಳೆ ನೋಡಿ. ಮನೆಯ ಉಳಿದ ಎಂಸಿಬಿಗಳನ್ನೆಲ್ಲ ಇಳಿಸಿ, ಗೀಸರನ್ನು ಕಾಯಿಲ್ ಮಾತ್ರ ಓಡುವ ಎಲೆಕ್ಟ್ರಿಕ್ ಮೋಡಿಗೆ ಹಾಕಿ ಅರ್ಧ ಗಂಟೆ ಓಡಿಸಿ. ಬೆಸ್ಕಾಂ ಮೀಟರಿನ ಏರಿಕೆಯೂ ಶೆಲ್ಲಿಯ ಏರಿಕೆಯೂ ಹೆಚ್ಚುಕಡಿಮೆ ಒಂದೇ ಬರಬೇಕು. ಪವರ್ ಫ್ಯಾಕ್ಟರ್ 1ರ ಹತ್ತಿರ ಇರಬೇಕು. ಇಲ್ಲವಾದರೆ ಫೇಸ್ ತಪ್ಪಿದೆ.

ಕಾವಿನ ಲೆಕ್ಕ ಇಲ್ಲದೆ ಕರೆಂಟಿನ ಲೆಕ್ಕ ಅರ್ಧ ಮಾತ್ರ

ಇಲ್ಲಿಯವರೆಗೆ ಸಿಕ್ಕಿದ್ದು ಒಳಗೆ ಹೋದ ಕರೆಂಟ್. ನಿನ್ನೆ 1.6 ಯೂನಿಟ್, ಇವತ್ತು 2.4 ಎಂದು ತಿಳಿದರೆ ಯಂತ್ರ ಹದಗೆಟ್ಟಿತೋ, ಮನೆಗೆ ನೆಂಟರು ಬಂದಿದ್ದರೋ ಗೊತ್ತಾಗುವುದಿಲ್ಲ. ಹೊರಗೆ ಹೋದ ಬಿಸಿನೀರಿನ ಅಳತೆಯೂ ಬೇಕೇ ಬೇಕು.

ಖರ್ಚಿಲ್ಲದ ದಾರಿ ಬಕೆಟ್ ಪರೀಕ್ಷೆ. ಗೀಸರ್ ಪೂರ್ತಿ ಕಾದು ತಾನೇ ನಿಂತ ಕೂಡಲೇ ಶುರುಮಾಡಿ. ಗುರುತು ಹಾಕಿದ 20 ಲೀಟರಿನ ಬಕೆಟ್ಟಿನಲ್ಲಿ ಐದು ಬಕೆಟ್ ಬಿಸಿನೀರು ಹಿಡಿಯಿರಿ, ತಣ್ಣೀರು ಬೆರೆಸಬೇಡಿ. ಪ್ರತಿ ಬಕೆಟ್ಟನ್ನೂ ಕಲಕಿ ಥರ್ಮಾಮೀಟರ್ ಹಾಕಿ ಬರೆದುಕೊಳ್ಳಿ. ತಣ್ಣೀರಿನ ನಲ್ಲಿಯ ತಾಪಮಾನವನ್ನೂ ಬರೆದುಕೊಳ್ಳಿ. ಸರಾಸರಿ 50 ಡಿಗ್ರಿ, ತಣ್ಣೀರು 24 ಎಂದಾದರೆ ಕಾವು 100 × 1.163 × 26, ಅಂದರೆ 3.02 ಯೂನಿಟ್. ಆಮೇಲೆ ಗೀಸರ್ ಮತ್ತೆ ಕಾದು ತಾನೇ ನಿಲ್ಲುವವರೆಗೆ ಶೆಲ್ಲಿಯಲ್ಲಿ ಎಷ್ಟು ಏರಿತು ನೋಡಿ. 0.95 ಯೂನಿಟ್ ಏರಿದ್ದರೆ ಸಿಒಪಿ 3.2. ಪರೀಕ್ಷೆಯ ನಡುವೆ ಯಾರೂ ಬಿಸಿನೀರು ಬಿಡಬಾರದು, ಬ್ಯಾಕಪ್ ಕಾಯಿಲ್ ಆಫ್ ಇರಬೇಕು. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಿದರೆ ಎಷ್ಟೋ ಮನೆಗಳಿಗೆ ಇಷ್ಟೇ ಸಾಕು. ಮೀಟರ್ ಕೊಳ್ಳುವ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇವೆ.

ದಿನದಿನದ ಸಿಒಪಿ ಬೇಕೆನ್ನುವವರು ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು, ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್ ಮೂರೋ ನಾಲ್ಕೋ, ನೀರಿನ ಫ್ಲೋ ಸೆನ್ಸರ್ ಒಂದು, 4.7 ಕಿಲೊ ಓಮ್ ರೆಸಿಸ್ಟರ್ ಒಂದು ತರಬೇಕು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಬೋರ್ಡಿಗೆ ಇಎಸ್‌ಪಿಹೋಮ್ ಎಂಬ ತಂತ್ರಾಂಶ ತುಂಬಿಸಿದರೆ ಅದೇ ಹೋಮ್ ಅಸಿಸ್ಟೆಂಟ್‌ಗೆ ಸೇರಿಕೊಳ್ಳುತ್ತದೆ.

ಡಿಎಸ್18ಬಿ20ಯ ನಿಖರತೆ ಪ್ಲಸ್ ಮೈನಸ್ 0.5 ಡಿಗ್ರಿ. ಜೋಡಿಸುವ ಮೊದಲು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಂದೇ ಬಕೆಟ್ ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ. ಒಂದಕ್ಕೊಂದು ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನು ಇಎಸ್‌ಪಿಹೋಮ್‌ನಲ್ಲಿ ಸರಿಪಡಿಸಿ. ಎರಡು ಸೆನ್ಸರ್ ಸೇರಿ ಒಂದು ಡಿಗ್ರಿ ತಪ್ಪಾದರೂ 30 ಡಿಗ್ರಿಯ ಏರಿಕೆಯಲ್ಲಿ ಅದು ಶೇ. 3ರಷ್ಟೇ. ಇಂಗ್ಲೆಂಡ್, ಐರ್ಲೆಂಡ್ ಕಡೆ ನೆಲೆಸಿರುವ ಕನ್ನಡಿಗರು ಮನೆ ಬೆಚ್ಚಗಿಡುವ ಹೀಟ್ ಪಂಪಿಗೆ ಇದೇ ಜೋಡಣೆ ಮಾಡಹೊರಟರೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ರೇಡಿಯೇಟರಿಗೆ ಹೋಗುವ ನೀರಿಗೂ ಮರಳುವ ನೀರಿಗೂ ಐದು ಡಿಗ್ರಿ ಅಂತರ ಇರುತ್ತದೆ, ಒಂದು ಡಿಗ್ರಿ ತಪ್ಪೆಂದರೆ ಶೇ. 20. ಅಂಥ ಮನೆಗೆ ಜೋಡಿ ಸೆನ್ಸರಿನ ಹೀಟ್ ಮೀಟರೇ ಬೇಕು. ವೇಲ್ಸ್‌ನ ಓಪನ್‌ಎನರ್ಜಿಮಾನಿಟರ್ ತಂಡ ಅಂಥ ಕಿಟ್ ಮಾಡುತ್ತದೆ. ಹೀಟ್‌ಪಂಪ್‌ಮಾನಿಟರ್ ಎಂಬ ಅವರ ತಾಣದಲ್ಲಿ ಎಷ್ಟೋ ಮನೆಗಳ ಅಳತೆ ಎಲ್ಲರಿಗೂ ತೆರೆದಿದೆ, ಆ ಗ್ರಾಫುಗಳನ್ನು ನೋಡಿ ಕಲಿಯುವುದು ಬೇಕಾದಷ್ಟಿದೆ.

ಒಂದು ಸೆನ್ಸರ್ ತಣ್ಣೀರು ಒಳಹೋಗುವ ಪೈಪಿಗೆ, ಇನ್ನೊಂದು ಬಿಸಿನೀರು ಹೊರಬರುವ ಪೈಪಿಗೆ. ಪೈಪಿಗೆ ಕಟ್ಟುವಾಗ ಒಂದು ಗೇಣು ಇನ್ಸುಲೇಶನ್ ಬಿಚ್ಚಿ, ಥರ್ಮಲ್ ಪೇಸ್ಟ್ ಹಚ್ಚಿ, ಅಲ್ಯುಮಿನಿಯಂ ಟೇಪ್ ಸುತ್ತಿ, ಮೇಲೆ ಮತ್ತೆ ಇನ್ಸುಲೇಶನ್ ಮುಚ್ಚಿ. ಹಾಗೇ ಟೇಪ್ ಸುತ್ತಿ ಬಿಟ್ಟರೆ ಅರ್ಧ ನೀರಿನ ತಾಪ, ಅರ್ಧ ಗಾಳಿಯ ತಾಪ ಓದುತ್ತದೆ. ಸಿಪಿವಿಸಿ ಪೈಪಿನ ಮೇಲೆ ಕಾವು ಹೊರಗೆ ಬರುವುದು ನಿಧಾನ. ಹಿತ್ತಾಳೆಯ ಫಿಟ್ಟಿಂಗ್ ಇರುವ ಕಡೆ ಕಟ್ಟಿ. ತಣ್ಣೀರನ್ನು 25 ಡಿಗ್ರಿ ಎಂದು ಊಹಿಸಿಕೊಳ್ಳಬೇಡಿ. ಬಿಸಿಲಿಗೆ ಕಾದ ಕಪ್ಪು ಓವರ್‌ಹೆಡ್ ಟ್ಯಾಂಕಿನ ನೀರು ಬೆಳಗ್ಗೆ ಒಂದು ತಾಪಮಾನ, ಸಂಜೆ ಇನ್ನೊಂದು.

ಫ್ಲೋ ಸೆನ್ಸರನ್ನು ತಣ್ಣೀರು ಒಳಹೋಗುವ ಪೈಪಿಗೆ ಹಾಕಿ. ಒಳಗೆ ಹೋದಷ್ಟೇ ಹೊರಗೆ ಬರುವುದರಿಂದ ಅಳತೆ ಒಂದೇ, ಬಿಸಿಯಿಂದ ಪ್ಲಾಸ್ಟಿಕ್ ಹಾಳಾಗುವ ಭಯವೂ ಇಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ವೈಎಫ್-ಎಸ್201 ಲೀಟರಿಗೆ ಸುಮಾರು 450 ಪಲ್ಸ್ ಕೊಡುತ್ತದೆ. ಆ ಅಂಕಿಯನ್ನು ಹಾಗೇ ನಂಬದೆ ಬಕೆಟ್ ತುಂಬಿಸಿ ಎಣಿಸಿ. ಹಿತ್ತಾಳೆಯ ಮೈಯಿರುವುದು ಸಿಕ್ಕರೆ ಅದನ್ನೇ ತನ್ನಿ. ಬೋರ್‌ವೆಲ್ ನೀರಿನ ಮರಳು ಮತ್ತು ಕಬ್ಬಿಣದ ಚೂರು ಅದರ ಚಕ್ರದ ಅಯಸ್ಕಾಂತಕ್ಕೆ ಅಂಟಿ ಚಕ್ರವನ್ನೇ ನಿಲ್ಲಿಸುತ್ತವೆ. ಮುಂದೆ ಒಂದು ವೈ ಸ್ಟ್ರೈನರ್ (ಕಸ ಹಿಡಿಯುವ ಜರಡಿ) ಇರಲೇಬೇಕು, ಎರಡು ತಿಂಗಳಿಗೊಮ್ಮೆ ಅದನ್ನು ತೊಳೆಯಬೇಕು. ನಿಮಿಷಕ್ಕೆ ಒಂದೆರಡು ಲೀಟರಿಗಿಂತ ಸಣ್ಣಗೆ ನಲ್ಲಿ ಬಿಟ್ಟರೆ ಚಕ್ರ ಸರಿಯಾಗಿ ತಿರುಗುವುದಿಲ್ಲ, ಅಷ್ಟು ನೀರು ಲೆಕ್ಕಕ್ಕೆ ಬರುವುದಿಲ್ಲ.

ಇಎಸ್‌ಪಿಹೋಮ್ ಐದು ಸೆಕೆಂಡಿಗೊಮ್ಮೆ ಹರಿದ ಲೀಟರ್ × 1.163 × ತಾಪದ ಅಂತರ ಎಂದು ಗುಣಿಸಿ ಕೂಡಿಸುತ್ತ ಹೋಗಲಿ. ನೀರು ಹರಿಯದಿರುವಾಗ ಪೈಪಿನ ಸೆನ್ಸರ್ ಹೇಳುವುದಕ್ಕೆ ಅರ್ಥವಿಲ್ಲ, ಆಗ ಗುಣಾಕಾರವೂ ಸೊನ್ನೆಯೇ ಆಗುತ್ತದೆ. ಕೈ ತೊಳೆಯಲು ಹತ್ತು ಸೆಕೆಂಡ್ ಬಿಟ್ಟ ನೀರಿನ ಕಾವು ಕಡಿಮೆ ದಾಖಲಾಗುತ್ತದೆ, ಪೈಪು ಕಾಯುವಷ್ಟರಲ್ಲಿ ನಲ್ಲಿ ನಿಂತಿರುತ್ತದೆ. ಬಕೆಟ್ ಸ್ನಾನ ಮಾಡುವ ಮನೆಯಲ್ಲಿ ಒಮ್ಮೆಗೆ ಹದಿನೈದು ಇಪ್ಪತ್ತು ಲೀಟರ್ ಹರಿಯುವುದರಿಂದ ದಿನದ ಲೆಕ್ಕಕ್ಕೆ ಇದು ದೊಡ್ಡ ಪೆಟ್ಟಲ್ಲ. ಹೀಗೆ 180 ಲೀಟರ್, 30 ಡಿಗ್ರಿ ಏರಿಕೆ ಎಂದು ಬಂದು, ಕರೆಂಟ್ 1.9 ಯೂನಿಟ್ ಆಗಿದ್ದರೆ 6.28 ಭಾಗಿಸು 1.9, ಸಿಒಪಿ 3.3. ಇದರಲ್ಲಿ ಟ್ಯಾಂಕ್ ತಾನಾಗಿ ಆರಿ ಕಳೆದುಕೊಂಡ ಕಾವೂ ಕಳೆದೇ ಬಂದಿರುತ್ತದೆ. ಹಾಗಾಗಿ ಬಕೆಟ್ ಪರೀಕ್ಷೆಯ ಅಂಕಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಒಂದೇ ದಿನದ ಅಂಕಿ ಬೇಡ, ವಾರದ್ದು ನೋಡಿ. ರಾತ್ರಿ ಕಾದ ನೀರನ್ನು ಮರುದಿನ ಬಳಸಿದರೆ ಒಂದು ದಿನದ ಕರೆಂಟ್ ಇನ್ನೊಂದು ದಿನದ ಕಾವಿಗೆ ಸೇರಿಹೋಗುತ್ತದೆ.

ಹೋಮ್ ಅಸಿಸ್ಟೆಂಟ್ ಬಗ್ಗೆ ಒಂದು ಮಾತು. ಅದು ವಿವರವಾದ ದಾಖಲೆಯನ್ನು ತಾನಾಗಿ ಹತ್ತು ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಗಂಟೆಗೊಂದರ ಸರಾಸರಿ ಮಾತ್ರ ಬಹುಕಾಲ ಉಳಿಯುತ್ತದೆ. ಕಂಪ್ರೆಸರಿನ ನಡವಳಿಕೆ ನೋಡಲು ನಿಮಿಷದ ವಿವರ ಬೇಕಾದ್ದರಿಂದ ಮೂವತ್ತು ನಲವತ್ತು ದಿನಕ್ಕೆ ಏರಿಸಿ. ರಾಸ್ಪ್‌ಬೆರಿ ಪೈ ಬಳಸುವವರು ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ, ಸದಾ ಬರೆಯುತ್ತಿದ್ದರೆ ಕಾರ್ಡು ಬಾಳುವುದಿಲ್ಲ.

ಗ್ರಾಫಿನಲ್ಲಿ ಏನು ನೋಡಬೇಕು

ವ್ಯಾಟಿನ ಗ್ರಾಫು ವೈದ್ಯರ ಕೈಯ ಇಸಿಜಿ ಇದ್ದಹಾಗೆ, ಓದಲು ಬಂದರೆ ಯಂತ್ರ ಬಿಚ್ಚದೆಯೇ ಅರ್ಧ ರೋಗ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಹೀಟ್ ಪಂಪ್ ಕಡಿಮೆ ವ್ಯಾಟಿನಿಂದ ಶುರುವಾಗಿ, ನೀರು ಕಾದಂತೆ ನಿಧಾನವಾಗಿ ಏರುತ್ತದೆ. 550ರಿಂದ 850 ವ್ಯಾಟಿನವರೆಗಿನ ಈ ಏರು ಸಹಜ, ಬಿಸಿಯಾದ ನೀರಿಗೆ ಕಾವು ತುಂಬಲು ಕಂಪ್ರೆಸರ್ ಹೆಚ್ಚು ಒತ್ತಡ ಹಾಕಬೇಕಾಗುತ್ತದೆ. ನೇಮ್‌ಪ್ಲೇಟಿನ ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಈ ನಿಧಾನದ ಏರಿನ ನಡುವೆ ಗೋಡೆಯಂತೆ ಒಂದೂವರೆ ಎರಡು ಸಾವಿರ ವ್ಯಾಟ್ ನೆಟ್ಟಗೆ ಎದ್ದರೆ ಬ್ಯಾಕಪ್ ಕಾಯಿಲ್ ಹೊತ್ತಿಕೊಂಡಿದೆ ಎಂದರ್ಥ. ಸಿಒಪಿ 1ರ ಕರೆಂಟ್ ಅದು. ದುಡ್ಡು ಸೋರುವ ದೊಡ್ಡ ತೂತು ಸಾಮಾನ್ಯವಾಗಿ ಇಲ್ಲೇ. ಆಟೊ ಅಥವಾ ಹೈಬ್ರಿಡ್ ಎಂಬ ಹೆಸರಿನ ಮೋಡಿನಲ್ಲಿ ಯಂತ್ರವೇ ಅವಸರ ಎಂದು ತೀರ್ಮಾನಿಸಿ ಕಾಯಿಲ್ ಹಾಕಿಕೊಳ್ಳುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇಕೊ ಮೋಡಿನಲ್ಲಿಡಿ. ನರಕ ಚತುರ್ದಶಿಯ ಎಣ್ಣೆಸ್ನಾನದಂಥ ದಿನ, ಮನೆ ತುಂಬ ಜನ ಇದ್ದು ಬೆಳಗ್ಗೆಯೇ ಟ್ಯಾಂಕ್ ಖಾಲಿಯಾಗುವಾಗ ಕೈಯಾರೆ ಬೂಸ್ಟ್ ಒತ್ತಿದರಾಯಿತು. ಹೋಮ್ ಅಸಿಸ್ಟೆಂಟ್‌ನಲ್ಲಿ 1,300 ವ್ಯಾಟ್ ದಾಟಿ ಐದು ನಿಮಿಷವಾದರೆ ಫೋನಿಗೆ ಸಂದೇಶ ಬರುವಂತೆ ಮಾಡಿ.

ಏರಬೇಕಾದ ವ್ಯಾಟ್ ಏರದೆ ಕೆಳಗೇ ಉಳಿದು, ಎರಡೂವರೆ ಗಂಟೆಯಲ್ಲಿ ಮುಗಿಯುತ್ತಿದ್ದುದು ನಾಲ್ಕು ಗಂಟೆ ಎಳೆದರೆ ಅನಿಲ ಸೋರಿರುವ ಸಂಭವ ಇದೆ. ಮೊದಲು ಗಾಳಿಯ ಫಿಲ್ಟರ್ ಮತ್ತು ಗಾಳಿ ಹಾದುಹೋಗುವ ಕಾಯಿಲಿನ ರೆಕ್ಕೆಗಳನ್ನು ನೋಡಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಸಿಮೆಂಟಿನ ಧೂಳು ಅಲ್ಲಿ ಕಂಬಳಿಯಾಗಿರುತ್ತದೆ. ತೊಳೆದ ಮೇಲೂ ಹಾಗೇ ಇದ್ದರೆ ಸರ್ವೀಸಿನವರಿಗೆ ಗ್ರಾಫ್ ತೋರಿಸಿ ಮಾತಾಡಿ, ಆಗ ವಾದವಿರುವುದಿಲ್ಲ.

ಮೂರನೆಯ ಡಿಎಸ್18ಬಿ20ಯನ್ನು ಗಾಳಿ ಒಳಹೋಗುವ ಬಾಯಲ್ಲೂ ನಾಲ್ಕನೆಯದನ್ನು ದೂರದ ನೆರಳಲ್ಲೂ ಇಡಿ. ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಿ ಅಥವಾ ಮುಚ್ಚಿದ ಡಕ್ಟಿನಲ್ಲಿ ಇಟ್ಟ ಹೀಟ್ ಪಂಪ್ ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಓಡಲು ಶುರುವಾಗಿ ಅರ್ಧ ಗಂಟೆಯಲ್ಲಿ ಬಾಯಲ್ಲಿನ ತಾಪ ಹೊರಗಿನದಕ್ಕಿಂತ ಮೂರು ನಾಲ್ಕು ಡಿಗ್ರಿ ಇಳಿದರೆ ಅದೇ ಕಾರಣ. ಬಿಡುವ ಗಾಳಿಗೆ ಒಂದು ಡಕ್ಟ್ ಹಾಕಿ ಕಿಟಕಿಯಾಚೆ ಕಳಿಸಿದರೆ ಸರಿಹೋಗುತ್ತದೆ. ಈ ಮೂರನೆಯ ಸೆನ್ಸರ್ ನೂರಿನ್ನೂರು ರೂಪಾಯಿಯದು, ಆದರೆ ಇಡೀ ಜೋಡಣೆಯಲ್ಲಿ ನಮಗೆ ಅತ್ಯಂತ ಪ್ರಯೋಜನಕಾರಿ ಎನಿಸಿದ್ದು ಇದೇ.

ಬದಲಿಸಬೇಕಾದ ಸೆಟ್ಟಿಂಗುಗಳು

ಓಡಿಸುವ ಹೊತ್ತು ಮೊದಲನೆಯದು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ನಸುಕು 15, 16 ಡಿಗ್ರಿ. ಮಧ್ಯಾಹ್ನ 27ರ ಸುತ್ತಮುತ್ತ. ನಸುಕಿನಲ್ಲಿ ಓಡಿಸುವುದಕ್ಕಿಂತ ಮಧ್ಯಾಹ್ನ 12ರಿಂದ 4ರೊಳಗೆ ಓಡಿಸಿದರೆ ಸಿದ್ಧಾಂತದ ಲೆಕ್ಕದಲ್ಲೇ ಸಿಒಪಿ ಸುಮಾರು ಕಾಲು ಭಾಗ ಹೆಚ್ಚು. ನೀರು ಮರುದಿನ ಬೆಳಗಿನವರೆಗೆ ಕಾಯಬೇಕು, ಅಷ್ಟರಲ್ಲಿ ಎಷ್ಟು ಆರುತ್ತದೆ ಎಂಬ ಪ್ರಶ್ನೆ ಬರುತ್ತದೆ. ಮನೆಯವರು ಊರಿಗೆ ಹೋದ ದಿನ ಗೀಸರ್ ಆಫ್ ಮಾಡಿ, ಅದರ ಪರದೆಯಲ್ಲಿ ತಾಪ ಎಷ್ಟು ಇಳಿಯಿತು ನೋಡಿ. 200 ಲೀಟರ್ 24 ಗಂಟೆಯಲ್ಲಿ 6 ಡಿಗ್ರಿ ಆರಿದರೆ ಕಳೆದುಹೋದ ಕಾವು 1.4 ಯೂನಿಟ್, ಕರೆಂಟಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟಿಗೂ ಕಡಿಮೆ. ಅದು ಯಾವ ಹೊತ್ತಿಗೆ ಕಾಯಿಸಿದರೂ ಬಹುಪಾಲು ಇದ್ದೇ ಇರುವ ನಷ್ಟ, ಮಧ್ಯಾಹ್ನ ಕಾಯಿಸಿದ್ದರಿಂದ ಹೆಚ್ಚಾಗುವುದು ಅದರಲ್ಲೊಂದು ಪಾಲು ಮಾತ್ರ. ಟೆರೇಸಿನಲ್ಲಿ ಸೋಲಾರ್ ಪ್ಯಾನೆಲ್ ಇದ್ದವರಿಗೆ ಮಧ್ಯಾಹ್ನದ ಹೊತ್ತು ಇನ್ನೊಂದು ಕಾರಣಕ್ಕೂ ಒಳ್ಳೆಯದು.

ತಾಪಮಾನ ಎರಡನೆಯದು. ಒಂದೊಂದು ಡಿಗ್ರಿ ಇಳಿಸಿದರೆ ಶೇ. 2ರಷ್ಟು ಸಿಒಪಿ ಏರುತ್ತದೆ. 60ರಲ್ಲಿಟ್ಟವರು 50ಕ್ಕೆ ತಂದರೆ ಫರಕು ಬಿಲ್ಲಿನಲ್ಲೇ ಕಾಣುತ್ತದೆ. ಸ್ನಾನಕ್ಕೆ ಬೇಕಾದ್ದು 40ರ ಆಸುಪಾಸು. ಆದರೆ ಉಗುರುಬೆಚ್ಚಗಿನ ನೀರು ನಿಂತಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಬಹಳಷ್ಟು ಯಂತ್ರಗಳಲ್ಲಿ ವಾರಕ್ಕೊಮ್ಮೆ ತಾನಾಗಿ 60ಕ್ಕೆ ಏರಿಸುವ ಸೌಲಭ್ಯ ಇದೆ, ಅದನ್ನು ಆಫ್ ಮಾಡಬೇಡಿ. ವಾರಕ್ಕೊಂದು ದಿನ ಗ್ರಾಫಿನಲ್ಲಿ ಕಾಣುವ ಎತ್ತರದ ಗೋಡೆ ಅದರದ್ದೇ, ಗಾಬರಿ ಬೇಡ.

ಎಷ್ಟು ಡಿಗ್ರಿ ಆರಿದ ಮೇಲೆ ಮತ್ತೆ ಕಾಯಿಸಬೇಕು ಎಂಬ ಅಂಕಿ ಕೆಲವು ಯಂತ್ರಗಳಲ್ಲಿ ಐದಕ್ಕೆ ಇರುತ್ತದೆ. ಆಗ ಎರಡು ಬಕೆಟ್ ನೀರು ಬಿಟ್ಟರೂ ಕಂಪ್ರೆಸರ್ ಎದ್ದು ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಎಂಟು ಹತ್ತಕ್ಕೆ ಏರಿಸಿದರೆ ದಿನಕ್ಕೆ ಒಂದೆರಡು ಉದ್ದನೆಯ ಓಟ ಆಗುತ್ತದೆ, ಯಂತ್ರಕ್ಕೂ ಹಿತ. ವಿಲ್ಲಾಗಳಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲೆಂದು ಸರ್ಕ್ಯುಲೇಶನ್ ಪಂಪ್ ಹಾಕಿಸಿರುತ್ತಾರೆ. ಅದು ಹಗಲೂ ರಾತ್ರಿ ಓಡಿದರೆ ಮೇಲಿನ ಬಿಸಿನೀರೂ ಕೆಳಗಿನ ತಣ್ಣೀರೂ ಕಲಸಿ ಟ್ಯಾಂಕ್ ಸದಾ ಆರುತ್ತಿರುತ್ತದೆ. ಸ್ನಾನದ ಹೊತ್ತಿಗೆ ಮಾತ್ರ ಓಡುವಂತೆ ಟೈಮರ್ ಹಾಕಿ.

ಯಾರು ಯಾವುದನ್ನು ಕೊಳ್ಳಬೇಕು

ಗೀಸರ್ 16 ಆಂಪಿಯರ್ ಪ್ಲಗ್ಗಿನಲ್ಲಿದ್ದು, ಡಿಬಿ ಬಾಕ್ಸ್ ಮುಟ್ಟಲು ಇಷ್ಟವಿಲ್ಲದವರಿಗೆ ಟಾಪೊ ಪಿ110ನಂಥ ಸ್ಮಾರ್ಟ್ ಪ್ಲಗ್ ಸಾಕು. ದಿನದ ಯೂನಿಟ್ ಮತ್ತು ವ್ಯಾಟ್ ಗ್ರಾಫ್ ಕೊಡುತ್ತದೆ, ಬಕೆಟ್ ಪರೀಕ್ಷೆಗೆ ಅಷ್ಟೇ ಬೇಕಾದ್ದು. ಕಂಪ್ರೆಸರ್ ಮತ್ತು ಕಾಯಿಲ್ ಎರಡೂ ಸೇರಿ ಗಂಟೆಗಟ್ಟಲೆ ಓಡುವ ಮನೆಯಲ್ಲಿ ಮಾತ್ರ ಪ್ಲಗ್ಗಿನ ಪಿನ್ ಬಿಸಿಯಾಗುತ್ತದೆಯೇ ಎಂದು ಮುಟ್ಟಿ ನೋಡುತ್ತಿರಿ. ಸಡಿಲ ಸಾಕೆಟ್ಟಿಗೆ ಹಾಕಲೇಬೇಡಿ.

ಬೆಸುಗೆ ಕೆಲಸ ಬಲ್ಲವರಿಗೆ ಪಿಝಡ್‌ಇಎಂ-004ಟಿ ಎಂಬ ಮೀಟರ್ ಬೋರ್ಡಿನ ಮೂರನೆಯ ಆವೃತ್ತಿ ಶೆಲ್ಲಿಗಿಂತ ಎಷ್ಟೋ ಅಗ್ಗ. ಹೇಗೂ ತಾಪಮಾನಕ್ಕೆಂದು ಇಎಸ್‌ಪಿ32 ಬೋರ್ಡು ತರುತ್ತೀರಿ, ಅದಕ್ಕೇ ಇದನ್ನೂ ಜೋಡಿಸಬಹುದು. 10 ಆಂಪಿಯರ್ ಮಾದರಿ ಬೇಡ, ಹೊರಗೆ ಕ್ಲ್ಯಾಂಪ್ ಇರುವ 100 ಆಂಪಿಯರಿನದನ್ನೇ ತನ್ನಿ. ಅದರ ಸಂಪರ್ಕದ ಕಡೆಗೆ 5 ವೋಲ್ಟ್ ಬೇಕು, ಇಎಸ್‌ಪಿ32ನ ಪಿನ್ನುಗಳು 3.3 ವೋಲ್ಟಿನವು. ನಡುವೆ ಎರಡು ವೋಲ್ಟೇಜನ್ನು ಹೊಂದಿಸುವ ಲೆವೆಲ್ ಶಿಫ್ಟರ್ ಇಲ್ಲದಿದ್ದರೆ ಓದಿಕೆ ಆಗಾಗ ನಿಂತುಹೋಗುತ್ತದೆ. ತೆರೆದ ಬೋರ್ಡಿನಲ್ಲಿ 230 ವೋಲ್ಟ್ ಇರುವುದರಿಂದ ಬೆಂಕಿ ಹತ್ತದ ಪೆಟ್ಟಿಗೆಯೊಳಗೆ ಭದ್ರವಾಗಿ ಕೂರಿಸಬೇಕು. ಟೆರೇಸಿನ ತೇವಕ್ಕೆ ಹೇಳಿ ಮಾಡಿಸಿದ್ದಲ್ಲ.

ಸಿಂಗಲ್ ಫೇಸ್ ಮನೆ, ಗೀಸರಿಗೆ ಪ್ರತ್ಯೇಕ ಎಂಸಿಬಿ, ಈಗಾಗಲೇ ಹೋಮ್ ಅಸಿಸ್ಟೆಂಟ್ ಓಡುತ್ತಿದೆ ಎನ್ನುವವರಿಗೆ ಶೆಲ್ಲಿ ಪ್ರೊ ಇಎಂ-50ರಷ್ಟು ಅಚ್ಚುಕಟ್ಟಾದ್ದು ಬೇರೆ ಕಾಣುವುದಿಲ್ಲ. ಮೇನ್ ಲೈನಿನ ಕ್ಲ್ಯಾಂಪಿನಿಂದ ತಿಂಗಳ ಬಳಕೆಯ ಅಂದಾಜು ಹಾಕಿಸಿ, 200 ಯೂನಿಟ್ ದಾಟುವ ಸೂಚನೆ ಕಂಡರೆ ಇಪ್ಪತ್ತನೆಯ ದಿನದ ಹೊತ್ತಿಗೇ ಫೋನಿಗೆ ತಿಳಿಸುವಂತೆ ಮಾಡಬಹುದು. ದಿನ ಎಣಿಸುವುದನ್ನು ಒಂದನೇ ತಾರೀಖಿನಿಂದ ಇಡಬೇಡಿ, ಮೀಟರ್ ರೀಡರ್ ಬಂದ ದಿನದಿಂದ ಇಡಿ. ಇಬ್ಬರೇ ಇರುವ, ದಿನಕ್ಕೆ 60, 70 ಲೀಟರ್ ಬಿಸಿನೀರು ಬಳಸುವ ಮನೆಯಲ್ಲಿ ಹೀಟ್ ಪಂಪ್ ದಿನಕ್ಕೆ ಮುಕ್ಕಾಲು ಯೂನಿಟ್ಟಿನ ಆಸುಪಾಸು ತಿನ್ನುತ್ತದೆ. ಅದರಲ್ಲಿ ಕಾಲು ಭಾಗ ಉಳಿಸಿದರೂ ಮೀಟರಿನ ದುಡ್ಡು ಮರಳಿ ಬರಲು ವರ್ಷಗಟ್ಟಲೆ ಬೇಕು. ಅಂಥವರು ಸ್ನೇಹಿತರ ಸ್ಮಾರ್ಟ್ ಪ್ಲಗ್ ಒಂದು ವಾರ ಎರವಲು ತಂದು ಬಕೆಟ್ ಪರೀಕ್ಷೆ ಮಾಡಿ, ಟೈಮರನ್ನು ಮಧ್ಯಾಹ್ನಕ್ಕೆ ತಿರುಗಿಸಿ, 50 ಡಿಗ್ರಿಗೆ ಇಳಿಸಿ ಪ್ಲಗ್ ವಾಪಸ್ ಕೊಡಬಹುದು.